ಅಟ್ಟದ ಮೇಲಿನ ಕಾಂಟ್ರಾ

ನಂತೂರಿನಿಂದ ಕುಲಶೇಖರದ ಕಡೆಗೆ ಹೊರಟರೆ ನಡುವೆ ಬಿಕರ್ನಕಟ್ಟೆ ಸಿಗುತ್ತದೆ. ಮೂಡುಬಿದಿರೆ, ಕಾರ್ಕಳದ ಬಸ್ಸುಗಳಲ್ಲಿ ಓಡಾಡುವವರಿಗೆ ಅದು ಬಾಲ ಯೇಸುವಿನ ಪುಣ್ಯಕ್ಷೇತ್ರವಿರುವ ಊರು. ಅಲ್ಲಿಯ ಒಂದು ಹಂಚಿನ ಮನೆಯನ್ನು ಕಲ್ಪಿಸಿಕೊಳ್ಳಿ. ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮೊದಲು ಒಡೆದ ಹಂಚು ಬದಲಿಸೋಣವೆಂದು ಅಟ್ಟ ಹತ್ತಿದ ಅಪ್ಪನಿಗೆ ಹಳೆಯ ಚಾಪೆ, ತಾಮ್ರದ ಹಂಡೆಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಸಿಗುತ್ತದೆ. ಒಳಗೆ ಹಳದಿಗಟ್ಟಿದ ಪ್ಲಾಸ್ಟಿಕ್ಕಿನ ಯಂತ್ರ, ಎರಡು ಕೈಗುಂಡಿಗಳು, ಒಂದು ಆಟಿಕೆ ಬಂದೂಕು, ಮೂರು ನಾಲ್ಕು ಕ್ಯಾಸೆಟ್ಟು.

"ಎಂತ ಅಪ್ಪಾ ಅದು?" ಕೆಳಗೆ ಏಣಿ ಹಿಡಿದು ನಿಂತ ಒಂಬತ್ತನೆಯ ತರಗತಿಯ ಮಗ ಕೇಳುತ್ತಾನೆ.

"ನಮ್ಮ ಕಾಲದ ಟಿ.ವಿ. ಗೇಮ್ ಮಾರಾಯ. ಕಾಂಟ್ರಾ ಉಂಟು ಇದರಲ್ಲಿ."

"ಕಾಂಟ್ರಾ ಈಗಲೂ ಸಿಗ್ತದೆ. ನನ್ನ ಕನ್ಸೋಲಿಗೆ ಬಂದಿದೆ. ತೆಗೆಸಿಕೊಡ್ತೀರಾ?"

ಅಡುಗೆಮನೆಯಿಂದ ಅಮ್ಮನ ಮಾತು: "ಒಮ್ಮೆ ದುಡ್ಡು ಕೊಟ್ಟ ಆಟಕ್ಕೆ ಪುನಃ ಯಾಕೆ ದುಡ್ಡು? ಅದೇ ಆಟ ಅಲ್ವಾ?"

ಮನೆಯಲ್ಲಿ ಮಕ್ಕಳಿರುವ ಎಷ್ಟೋ ತಂದೆ ತಾಯಂದಿರು ಕೇಳುವ ಪ್ರಶ್ನೆಯೇ ಇದು. ಉತ್ತರ ಮಾತ್ರ ಹೌದು ಅಥವಾ ಅಲ್ಲ ಎಂಬ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಹಳೆಯ ಆಟವೊಂದು ಹೊಸ ಯಂತ್ರಕ್ಕೆ ಬರುವಾಗ ಏನು ಬರುತ್ತದೆ, ಏನು ದಾರಿಯಲ್ಲಿ ಉದುರಿಹೋಗುತ್ತದೆ, ದುಡ್ಡು ಕೊಟ್ಟವರ ಕೈಯಲ್ಲಿ ಕೊನೆಗೆ ಏನು ಉಳಿಯುತ್ತದೆ ಎಂಬುದನ್ನು ನೋಡಿದರೆ ಉತ್ತರ ತಾನಾಗಿ ಹೊರಬರುತ್ತದೆ.

ಮೊದಲನೆಯದೇ ಎರಡನೆಯದು

ಅಪ್ಪನ ಪೆಟ್ಟಿಗೆಯ ಯಂತ್ರದಿಂದಲೇ ತೊಡಗೋಣ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ಹೊರತಂದಿತು. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಟಿ.ವಿ. ಗೇಮ್ ಎಂದು ಮಾರಾಟವಾದ ಯಂತ್ರಗಳಲ್ಲಿ ಹೆಚ್ಚಿನವು ಇದರ ನಕಲುಗಳು. ಟಿ.ವಿ.ಯ ಆಂಟೆನಾ ತೂತಿಗೆ ವೈರು ಸಿಕ್ಕಿಸಿ, ಚಾನೆಲ್ ಹುಡುಕಿ, ಕ್ಯಾಸೆಟ್ಟಿನ ಬಾಯಿಗೆ ಒಮ್ಮೆ ಉಫ್ ಎಂದು ಊದಿ ತುರುಕಿದರೆ ಆಟ ಶುರು. ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟ ಎಂದು ಮೇಲೆ ಬರೆದಿರುತ್ತಿತ್ತು. ಒಳಗೆ ಹತ್ತಾರು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತುತ್ತಿದ್ದವು. ಮಾರಿಯೊ, ಬಾತುಕೋಳಿ ಹೊಡೆಯುವ ಡಕ್ ಹಂಟ್, ಇಬ್ಬರು ಸೈನಿಕರು ಗುಂಡು ಹಾರಿಸುತ್ತ ಕಾಡಿನಲ್ಲಿ ಓಡುವ ಕಾಂಟ್ರಾ ಇವೆಲ್ಲ ಮನೆಮಾತಾದದ್ದು ಹೀಗೆ. ಆ ಕ್ಯಾಸೆಟ್ಟುಗಳಲ್ಲಿ ಬಹುಪಾಲು ಮೂಲ ಕಂಪನಿಯ ಒಪ್ಪಿಗೆಯಿಲ್ಲದೆ ತಯಾರಾದವು ಎಂಬುದನ್ನೂ ಹೇಳಬೇಕು. ಅಮ್ಮ ಹೇಳಿದ "ಒಮ್ಮೆ ಕೊಟ್ಟ ದುಡ್ಡು" ಆಟ ಮಾಡಿದವರಿಗೆ ತಲುಪಿರುವ ಸಂಭವ ತೀರ ಕಡಿಮೆ.

ಇಲ್ಲೊಂದು ತಮಾಷೆಯಿದೆ. ಅಪ್ಪ ಮೂಲವೆಂದು ನಂಬಿರುವ ಕಾಂಟ್ರಾ ಮೂಲವಲ್ಲ. ಕೊನಾಮಿ ಕಂಪನಿ 1987ರಲ್ಲಿ ಅದನ್ನು ಮೊದಲು ತಯಾರಿಸಿದ್ದು ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಕ್ಕೆ. ಆ ಯಂತ್ರದ ತೆರೆ ಎತ್ತರವಾಗಿ ನಿಂತಿರುತ್ತಿತ್ತು. 1988ರಲ್ಲಿ ಮನೆಯ ಟಿ.ವಿ.ಗೆಂದು ತರುವಾಗ ಅದೇ ಕಂಪನಿಯವರು ಚಿತ್ರ, ದಾರಿ, ಶತ್ರುಗಳ ಜಾಗ ಎಲ್ಲವನ್ನೂ ಹೊಸದಾಗಿ ಹೂಡಿದರು. ಟಿ.ವಿ. ಅಗಲವಾಗಿತ್ತಲ್ಲ. ಯಂತ್ರದ ಶಕ್ತಿಯೂ ಅಷ್ಟಕ್ಕಷ್ಟೆ: ಮೆದುಳಿನ ವೇಗ ಸುಮಾರು 1.79 ಮೆಗಾಹರ್ಟ್ಸ್, ಕೆಲಸದ ನೆನಪಿಗೆ 2 ಕಿಲೋಬೈಟ್ ಜಾಗ. ಇಡೀ ಕಾಂಟ್ರಾ ಆಟ 128 ಕಿಲೋಬೈಟಿನಲ್ಲಿ ಅಡಗಿತ್ತು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊದ ಜಾಗದಲ್ಲಿ ಇಂಥ ಹತ್ತಿಪ್ಪತ್ತು ಕಾಂಟ್ರಾಗಳನ್ನು ತುಂಬಬಹುದು. ಯೂರೋಪಿನಲ್ಲಿ ಅದೇ ಆಟ ಪ್ರೊಬೊಟೆಕ್ಟರ್ ಎಂಬ ಹೆಸರಿನಲ್ಲಿ ಬಂತು. ಅಲ್ಲಿ ಸೈನಿಕರ ಬದಲು ಯಂತ್ರಮಾನವರು ಓಡುತ್ತಿದ್ದರು. ಹಾಗಾದರೆ "ಅದೇ ಆಟ" ಯಾವುದು? ಮೊದಲ ಎರಡು ಮೂರು ವರ್ಷಗಳಲ್ಲೇ ಆ ಪ್ರಶ್ನೆ ಕಗ್ಗಂಟಾಗಿತ್ತು.

ವೇಷ, ತಿಟ್ಟು, ಹೊಸ ಪ್ರಸಂಗ

ಹಳೆಯ ಆಟ ಮರಳಿ ಬರುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಕರಾವಳಿಯವರಿಗೆ ಯಕ್ಷಗಾನದ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ.

ಮೊದಲನೆಯದು ವೇಷ ಕಟ್ಟುವುದು. ಹೊಸ ಕನ್ಸೋಲಿನೊಳಗೆ ಒಂದು ತಂತ್ರಾಂಶ ಕುಳಿತು ಹಳೆಯ ಯಂತ್ರದ ಪಾತ್ರ ವಹಿಸುತ್ತದೆ. ಇದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. 1988ರ ಕ್ಯಾಸೆಟ್ಟಿನಲ್ಲಿದ್ದ ಆ 128 ಕಿಲೋಬೈಟನ್ನು ಒಂದಕ್ಷರ ತಿದ್ದದೆ ಅದಕ್ಕೆ ಕೊಡುತ್ತಾರೆ. ತಾನು ಹಳೆಯ ಯಂತ್ರದಲ್ಲೇ ಇದ್ದೇನೆ ಎಂದುಕೊಂಡು ಆಟ ಓಡುತ್ತದೆ. ಪ್ರಸಂಗ ಅದೇ, ಪದ್ಯ ಅದೇ, ಕಿರೀಟದೊಳಗಿನ ಕಲಾವಿದ ಮಾತ್ರ ಬೇರೆ. 2019ರಲ್ಲಿ ಕೊನಾಮಿ ಹೊರತಂದ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಈ ಬಗೆಯದು. ಆದ್ದರಿಂದಲೇ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಗುಂಡಿ ಒತ್ತಿ ಮೂರರ ಬದಲು ಮೂವತ್ತು ಜೀವ ಪಡೆಯುವ ಹಳೆಯ ಗುಟ್ಟು ಅದರಲ್ಲೂ ನಡೆಯುತ್ತದೆ. ಕೊನಾಮಿಯ ಕಜುಹಿಸಾ ಹಶಿಮೊಟೊ ಈ ಗುಟ್ಟನ್ನು ಮೊದಲು ಇಟ್ಟದ್ದು 1986ರಲ್ಲಿ ಮನೆಯ ಯಂತ್ರಕ್ಕೆ ಬಂದ ಗ್ರೇಡಿಯಸ್ ಆಟದಲ್ಲಿ. ಅದೂ ನಾಣ್ಯದ ಯಂತ್ರದಿಂದ ಮನೆಗೆ ಬಂದ ಆಟವೇ. ತಯಾರಿಸುವಾಗ ಪರೀಕ್ಷಿಸಲು ತನಗೇ ಕಷ್ಟವಾಯಿತೆಂದು ಅವರು ಮಾಡಿಕೊಂಡ ಉಪಾಯ ಲೋಕಪ್ರಸಿದ್ಧವಾಯಿತು. 2020ರಲ್ಲಿ ಅವರು ತೀರಿಕೊಂಡರು.

ಎರಡನೆಯದು ತಿಟ್ಟು ಬದಲಿಸುವುದು. ತೆಂಕಿನ ಪ್ರಸಂಗವನ್ನು ಬಡಗಿನ ಮೇಳ ಆಡಿದ ಹಾಗೆ: ಕಥೆ ಅದೇ, ಹೆಜ್ಜೆ, ಚೆಂಡೆ, ಮುಂಡಾಸು ಆ ತಿಟ್ಟಿನದು. ಆಟದ ಮೂಲ ಬರಹವನ್ನು ಹೊಸ ಯಂತ್ರದ ಭಾಷೆಗೆ ಹೊಂದಿಸುತ್ತಾರೆ, ಚಿತ್ರಗಳನ್ನು ನಯ ಮಾಡುತ್ತಾರೆ. 1985ರ ಸೂಪರ್ ಮಾರಿಯೊ ಬ್ರದರ್ಸ್ 1993ರಲ್ಲಿ ಸೂಪರ್ ಮಾರಿಯೊ ಆಲ್ ಸ್ಟಾರ್ಸ್ ಸಂಗ್ರಹದೊಳಗೆ ಹೊಸ ಬಣ್ಣ ಬಳಿದುಕೊಂಡು ಬಂದದ್ದು ಹೀಗೆ. ಮೊದಲ ಮಾರಿಯೊದಲ್ಲಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಹಸಿರು. ಜಾಗ ಉಳಿಸಲು ಮಾಡಿದ ಜಾಣತನವದು.

ಮೂರನೆಯದು ಹಳೆಯ ಕಥೆ ಹಿಡಿದು ಹೊಸ ಪ್ರಸಂಗವನ್ನೇ ಬರೆಯುವುದು. 2024ರ ಕಾಂಟ್ರಾ: ಆಪರೇಷನ್ ಗಲುಗಾ ಇಂಥದು. ಸೈನಿಕರ ಹೆಸರು, ಕಾಡು, ಜಲಪಾತ ಪರಿಚಿತ. ಚಿತ್ರ, ಓಟ, ಕೊನೆ ಎಲ್ಲ ಹೊಸದು.

ಮೂರೂ ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಮೂರರ ಮೇಲೂ ಕಾಂಟ್ರಾ ಅಥವಾ ಮಾರಿಯೊ ಎಂದೇ ಬರೆದಿರುತ್ತದೆ. ಮಗ ಕೇಳುತ್ತಿರುವುದು ಯಾವುದು ಎಂದು ವಿಚಾರಿಸದೆ ಬೆಲೆಯ ಬಗ್ಗೆ ವಾದಿಸಿ ಪ್ರಯೋಜನವಿಲ್ಲ.

ಬಂದೂಕು ಯಾಕೆ ಬರಲಿಲ್ಲ?

ವೇಷ ಎಷ್ಟೇ ಚೆನ್ನಾಗಿದ್ದರೂ ಕೆಲವು ಸಂಗತಿ ಬರುವುದೇ ಇಲ್ಲ. ಪೆಟ್ಟಿಗೆಯಲ್ಲಿದ್ದ ಆಟಿಕೆ ಬಂದೂಕನ್ನೇ ನೋಡಿ. ಅದರಿಂದ ಏನೂ ಹೊರಗೆ ಹಾರುವುದಿಲ್ಲ. ಅದರ ನಳಿಗೆಯ ಒಳಗಿರುವುದು ಬೆಳಕನ್ನು ಗುರುತಿಸುವ ಒಂದು ಪುಟ್ಟ ಕಣ್ಣು. ಕುದುರೆ ಎಳೆದೊಡನೆ ಆಟವು ಇಡೀ ತೆರೆಯನ್ನು ಕ್ಷಣಕಾಲ ಕಪ್ಪು ಮಾಡುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡಿಸುತ್ತದೆ. ಬಂದೂಕಿನ ಕಣ್ಣಿಗೆ ಆ ಬಿಳಿ ಕಂಡರೆ ಗುರಿ ಸರಿ, ಕಾಣದಿದ್ದರೆ ತಪ್ಪು. ಇದೆಲ್ಲ ನಡೆಯುವುದು ರೆಪ್ಪೆ ಬಡಿಯುವುದಕ್ಕಿಂತ ಬೇಗ.

ಡಬ್ಬದಂತಹ ಹಳೆಯ ಟಿ.ವಿ. ಯಂತ್ರ ಕಳಿಸಿದ ಚಿತ್ರವನ್ನು ಆ ಕ್ಷಣವೇ ತೋರಿಸುತ್ತಿತ್ತು. ಗೋಡೆಗೆ ತೂಗುವ ಈಗಿನ ಚಪ್ಪಟೆ ಟಿ.ವಿ. ಚಿತ್ರವನ್ನು ಪಡೆದು, ಹೊಂದಿಸಿ, ಆಮೇಲೆ ತೋರಿಸುತ್ತದೆ. ನಮ್ಮ ಕಣ್ಣಿಗೆ ಈ ತಡ ತಿಳಿಯದು, ಬಂದೂಕಿಗೆ ತಿಳಿಯುತ್ತದೆ. ಬಿಳಿ ಚೌಕ ಮೂಡುವಷ್ಟರಲ್ಲಿ ಅದು ನೋಡಿ ಮುಗಿಸಿರುತ್ತದೆ. ಎಲ್ಲ ಗುಂಡೂ ತಪ್ಪು. ಹೀಗಾಗಿ ನಿಂಟೆಂಡೊ 2014ರಲ್ಲಿ ಡಕ್ ಹಂಟನ್ನು ವೀ ಯು ಯಂತ್ರಕ್ಕೆ ಮರಳಿ ತಂದಾಗ ಬಂದೂಕನ್ನು ಬಿಟ್ಟು ಬೇರೆ ರಿಮೋಟಿನಿಂದ ಗುರಿಯಿಡುವ ಏರ್ಪಾಡು ಮಾಡಬೇಕಾಯಿತು. ಆಟದ ಬರಹ ಉಳಿಯಿತು, ಟಿ.ವಿ.ಯೊಂದಿಗೆ ಅದಕ್ಕಿದ್ದ ನಂಟು ಹೋಯಿತು. ವಿಜ್ಞಾನ ಓದುವ ಮಕ್ಕಳಿರುವ ಮನೆಯಲ್ಲಿ ಹಳೆಯ ಟಿ.ವಿ. ಇನ್ನೂ ಇದ್ದರೆ ಎರಡರಲ್ಲೂ ಈ ಬಂದೂಕು ಹಿಡಿದು ನೋಡಬಹುದು. ಪಠ್ಯಪುಸ್ತಕದ ಒಂದು ಪಾಠಕ್ಕೆ ಅದು ಕಡಿಮೆಯಲ್ಲ.

ಕಪಾಟಿನ ಹಿಂದಿನ ಪೆಟ್ಟಿಗೆ

ಮರಳಿ ತರಬೇಕಾದರೆ ಮೂಲ ಎಲ್ಲಾದರೂ ಇರಬೇಕಲ್ಲ? ಎಷ್ಟೋ ಬಾರಿ ಅದೇ ಇರುವುದಿಲ್ಲ.

1990ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಪ್ರಿನ್ಸ್ ಆಫ್ ಪರ್ಷಿಯಾ ಗೊತ್ತಿದ್ದೀತು. ಬಿಳಿ ಪೈಜಾಮದ ಹುಡುಗ ನೆಲಮಾಳಿಗೆಯಲ್ಲಿ ಓಡಿ, ಹಾರಿ, ಅಂಚಿಗೆ ಜೋತುಬೀಳುವ ಆಟ. ಅಮೆರಿಕದ ಜೋರ್ಡನ್ ಮೆಕ್ನರ್ 1989ರಲ್ಲಿ ಇದನ್ನು ಆ್ಯಪಲ್ 2 ಗಣಕಕ್ಕಾಗಿ ಬರೆದರು. ಓಟ ಸಹಜವಾಗಿ ಕಾಣಲೆಂದು ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು ಅದರ ಮೇಲಿಂದ ಚಿತ್ರ ಬರೆದುಕೊಂಡರು. ಸಂಗೀತ ಕೊಟ್ಟವರು ತಂದೆ ಫ್ರಾನ್ಸಿಸ್ ಮೆಕ್ನರ್. ಆಟ ಲೋಕವೆಲ್ಲ ಸುತ್ತಿತು. ಬರೆದವನ ಕೈಯಲ್ಲಿದ್ದ ಮೂಲ ಬರಹ ಮಾತ್ರ ಎಲ್ಲೋ ಕಳೆದುಹೋಯಿತು. ವರ್ಷಗಟ್ಟಲೆ ಹುಡುಕಿದರೂ ಸಿಗಲಿಲ್ಲ. 2012ರಲ್ಲಿ ತಂದೆಯ ಮನೆಯ ಕಪಾಟಿನ ಹಿಂದೆ ಒಂದು ಪೆಟ್ಟಿಗೆ ಸಿಕ್ಕಿತು. ಹಳೆಯ ಆಟಗಳ ಪ್ರತಿಗಳ ಜೊತೆಗೆ ಅದರಲ್ಲಿ ಮೂಲ ಬರಹದ ಫ್ಲಾಪಿಗಳಿದ್ದವು. ತಂದೆ ಅವನ್ನು ಎಸೆದಿರಲಿಲ್ಲ. ಇಪ್ಪತ್ತು ವರ್ಷ ದಾಟಿದ ಫ್ಲಾಪಿಯನ್ನು ಸಿಕ್ಕ ಯಂತ್ರಕ್ಕೆ ತುರುಕಿದರೆ ಇದ್ದದ್ದೂ ಹೋದೀತೆಂದು ತಿಳಿದವರನ್ನು ಕರೆಸಿ, ಒಂದೊಂದನ್ನೇ ಜೋಪಾನವಾಗಿ ಓದಿಸಿದರು. ಆ ವರ್ಷ ಏಪ್ರಿಲಿನಲ್ಲಿ ಮೆಕ್ನರ್ ಇಡೀ ಬರಹವನ್ನು ಯಾರು ಬೇಕಾದರೂ ಓದಲೆಂದು ಬಿಡುಗಡೆ ಮಾಡಿದರು.

ಅವರೇ 1984ರಲ್ಲಿ ಮಾಡಿದ್ದ ಕರಾಟೆಕಾ ಆಟ 2023ರಲ್ಲಿ ಹೊಸ ಕನ್ಸೋಲುಗಳಿಗೆ ಬಂದಾಗ ಆಟದ ಜೊತೆಗೆ ಅರ್ಧಕ್ಕೆ ಬಿಟ್ಟ ಕರಡುಗಳು, ಚಿತ್ರಗಳು, ತಂದೆ ಮಗನ ಮಾತುಕತೆ ಎಲ್ಲವೂ ಒಟ್ಟಿಗೆ ಬಂತು. ಇಟ್ಟುಕೊಂಡವರು ಇದ್ದದ್ದರಿಂದ ಅದು ಸಾಧ್ಯವಾಯಿತು.

ಇಡದೇ ಹೋದರೆ? ಕಾಂಟ್ರಾ ತಯಾರಿಸಿದ ಕೊನಾಮಿಯದೇ ಉದಾಹರಣೆ ಇದೆ. 2001 ಮತ್ತು 2003ರಲ್ಲಿ ಹೆಸರು ಮಾಡಿದ ಸೈಲೆಂಟ್ ಹಿಲ್ ಸರಣಿಯ ಎರಡು ಆಟಗಳನ್ನು 2012ರಲ್ಲಿ ಹೊಸದಾಗಿ ತರಹೊರಟಾಗ ಅವುಗಳ ಅಂತಿಮ ಪ್ರತಿಯ ಮೂಲ ಬರಹ ಸಿಗಲಿಲ್ಲ. ಸಿಕ್ಕ ಅಪೂರ್ಣ ಬರಹದ ಮೇಲೆಯೇ ಕೆಲಸ ನಡೆಯಿತು. ಹಿಂದೊಮ್ಮೆ ತಿದ್ದಿ ಮುಗಿಸಿದ್ದ ತಪ್ಪುಗಳು ಮತ್ತೆ ತಲೆಯೆತ್ತಿದವು, ಆಡಿದವರು ಬೈದುಕೊಂಡರು. ಎರಡನೆಯ ಬಾರಿ ದುಡ್ಡು ಕೊಟ್ಟವರಿಗೆ ಮೊದಲಿಗಿಂತ ಕೆಟ್ಟ ಆಟ ಸಿಕ್ಕಿತು.

ಇವು ಮರಳಿ ಬಂದ ಆಟಗಳ ಮಾತು. ಬಾರದವು ಎಷ್ಟು? ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲ. ಕಾಂಟ್ರಾ, ಮಾರಿಯೊಗಳು ಉಳಿದ ಶೇ. 13ರ ಭಾಗ್ಯವಂತರು.

ಕೊಂಡದ್ದು ಏನು?

ಈಗ ಅಮ್ಮನ ಪ್ರಶ್ನೆಯ ಇನ್ನೊಂದು ಮುಖ. ಅಟ್ಟದ ಕ್ಯಾಸೆಟ್ಟು ಕೈಗೆ ಸಿಗುವ ವಸ್ತು. ನೆರೆಮನೆಯವರಿಗೆ ಎರವಲು ಕೊಡಬಹುದು, ಮೊಮ್ಮಕ್ಕಳಿಗೆ ಇಡಬಹುದು. ಕನ್ಸೋಲಿನ ಅಂಗಡಿಯಿಂದ ಇಳಿಸಿಕೊಂಡ ಆಟ ಹಾಗಲ್ಲ. ಕೊಟ್ಟ ದುಡ್ಡಿಗೆ ಸಿಗುವುದು ಆಡುವ ಅನುಮತಿ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಜನವರಿಯಿಂದ ಇಂಥ ಅಂಗಡಿಗಳು "ನೀವು ಪಡೆಯುತ್ತಿರುವುದು ಪರವಾನಗಿ" ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನೇ ಬಂದಿದೆ.

ಅಂಗಡಿಗಳೂ ಮುಚ್ಚುತ್ತವೆ. ನಿಂಟೆಂಡೊ 2006ರಲ್ಲಿ ತನ್ನ ವೀ ಯಂತ್ರದಲ್ಲಿ ಹಳೆಯ ಆಟಗಳ ಅಂಗಡಿ ತೆರೆಯಿತು; 2019ರ ಜನವರಿಯಲ್ಲಿ ಅದರ ಬಾಗಿಲು ಹಾಕಿತು. ಮುಂದಿನ ವೀ ಯು ಮತ್ತು ತ್ರೀ ಡಿ ಎಸ್ ಯಂತ್ರಗಳ ಅಂಗಡಿಗಳಲ್ಲಿ 2023ರ ಮಾರ್ಚಿನಲ್ಲಿ ವ್ಯಾಪಾರ ನಿಂತಿತು. ಅಲ್ಲಿ ಒಮ್ಮೆ ಮಾರಿಯೊ ಕೊಂಡವರು 2018ರಲ್ಲಿ ಶುರುವಾದ ಸ್ವಿಚ್ ಯಂತ್ರದ ಚಂದಾ ಏರ್ಪಾಡಿನಲ್ಲಿ ಅದೇ ಮಾರಿಯೊಗೆ ಮತ್ತೆ ದುಡ್ಡು ತೆತ್ತರು.

ಇನ್ನು ಕೆಲವೊಮ್ಮೆ ಹೊಸದು ಬಂದ ಗಳಿಗೆಯಲ್ಲಿ ಹಳೆಯದನ್ನು ಕಪಾಟಿನಿಂದ ಇಳಿಸುವುದೂ ಉಂಟು. ವಯಸ್ಕರಿಗೆಂದೇ ಇರುವ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಮೂರು ಹಳೆಯ ಆಟಗಳು 2021ರ ನವೆಂಬರಿನಲ್ಲಿ ಹೊಸ ರೂಪದಲ್ಲಿ ಬಂದಾಗ ಹೀಗಾಯಿತು. ಹೊಸ ರೂಪದ ತುಂಬ ತಪ್ಪುಗಳಿದ್ದವು, ಹಳೆಯದು ಅಂಗಡಿಯಲ್ಲಿ ಇರಲಿಲ್ಲ. ಆಡುವವರ ಸಿಟ್ಟು ಕಂಡು ರಾಕ್‌ಸ್ಟಾರ್ ಕಂಪನಿ ಕ್ಷಮೆ ಕೇಳಿ, ಕಂಪ್ಯೂಟರಿನ ಹಳೆಯ ಆವೃತ್ತಿಗಳನ್ನು ತನ್ನ ಅಂಗಡಿಗೆ ಮರಳಿಸುವುದಾಗಿ ಹೇಳಿತು.

ನಮ್ಮ ಆಟಗಳು ಯಾರ ಅಟ್ಟದಲ್ಲಿವೆ?

ಇದೆಲ್ಲ ಜಪಾನ್, ಅಮೆರಿಕದ ಸುದ್ದಿ, ನಮಗೇನು ಎನ್ನಬಹುದು. ಆದರೆ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಆಟದ ಕಂಪನಿಗಳಲ್ಲಿ ಒಂದು. ಹೊರದೇಶಗಳ ದೊಡ್ಡ ಆಟಗಳಿಗೆ ಇಲ್ಲಿಯ ಹುಡುಗ ಹುಡುಗಿಯರು ಕಾರು, ಕಟ್ಟಡ, ಮನುಷ್ಯರ ಆಕೃತಿ ರೂಪಿಸಿಕೊಟ್ಟರು. ಗುಂಡಿ ಒತ್ತುವ ಮೊಬೈಲುಗಳ ಕಾಲದಲ್ಲಿ ಚಾರ್ಲಿ ಚಾಪ್ಲಿನ್‌ನ ರೂಪವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕನ್ನೂ ಈ ಕಂಪನಿ ಪಡೆದಿತ್ತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್, 2019ರಲ್ಲಿ ಮೇಲೆ ಹೇಳಿದ ರಾಕ್‌ಸ್ಟಾರ್ ಅದನ್ನು ಕೊಂಡವು. ಈ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಒಂದು ನೀತಿಯನ್ನು ತಂದಿತು.

ಆದರೆ ಆ ಗುಂಡಿ ಮೊಬೈಲುಗಳು ಈಗ ಎಲ್ಲಿವೆ? ಅವುಗಳಿಗೆ ಆಟ ಇಳಿಸಿಕೊಡುತ್ತಿದ್ದ ಏರ್ಪಾಡುಗಳೂ ಹೋದವು. ನಮ್ಮವರೇ ಬರೆದ ಮೊದಲ ಆಟಗಳ ಮೂಲ ಬರಹ ಯಾರ ಕಪಾಟಿನ ಹಿಂದೆ, ಯಾವ ಸಿ.ಡಿ.ಯಲ್ಲಿದೆ? ಇನ್ನು ಇಪ್ಪತ್ತು ವರ್ಷಕ್ಕೆ ಯಾರಾದರೂ ಅವನ್ನು ಮರಳಿ ತರಬೇಕೆಂದರೆ ಆ ಪೆಟ್ಟಿಗೆ ಸಿಗಬೇಕು.

ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗಳಿಗೂ ಇಲ್ಲೊಂದು ಪಾಠವಿದೆ. ಶಾಲೆ ಕಾಲೇಜಿನಲ್ಲಿ ಬರೆದ ಪುಟ್ಟ ಆಟ, ಪ್ರಾಜೆಕ್ಟು ಪರೀಕ್ಷೆ ಮುಗಿದ ಮರುದಿನ ಅಳಿಸಿಹೋಗುವುದೇ ಹೆಚ್ಚು. ಅದರ ಮೂಲ ಬರಹವನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿ. ಯಾವ ಯಂತ್ರ, ಯಾವ ಭಾಷೆ, ಹೇಗೆ ನಡೆಸಬೇಕು ಎಂದು ಒಂದು ಪುಟ ಬರೆದು ಜೊತೆಗಿಡಿ. ನಾಲ್ಕೈದು ವರ್ಷಕ್ಕೊಮ್ಮೆ ತೆರೆದು ಹೊಸ ಡಿಸ್ಕಿಗೆ ಸಾಗಿಸಿ. ಕಂಪನಿಗಳೇ ಮರೆತ ಕೆಲಸ ಇದು.

ತಂದೆ ತಾಯಂದಿರಿಗೆ ಹೇಳುವುದೂ ಹೆಚ್ಚಿಲ್ಲ. ಹಳೆಯ ಆಟದ ಹೊಸ ಪ್ರತಿ ಬೇಕೆಂದು ಮಕ್ಕಳು ಕೇಳಿದಾಗ ನಾಲ್ಕು ಮಾತು ವಿಚಾರಿಸಿ. ಇದು ಹಳೆಯದೇ ಆಟವೋ, ನಯ ಮಾಡಿದ್ದೋ, ಹೊಸದಾಗಿ ಬರೆದದ್ದೋ? ಡಿಸ್ಕಿನಲ್ಲಿ ಬರುತ್ತದೋ, ಬರೀ ಅನುಮತಿಯೋ? ಒಮ್ಮೆಗೇ ದುಡ್ಡೋ, ತಿಂಗಳ ಚಂದಾವೋ? ಯಾವ ವಯಸ್ಸಿನವರಿಗೆ ಎಂದು ಮೇಲೆ ಬರೆದಿದೆ? ಈ ನಾಲ್ಕಕ್ಕೂ ಮಗುವೇ ಉತ್ತರ ಹುಡುಕಿ ತರಲಿ. ಪುಕ್ಕಟೆ ಸಿಗುತ್ತದೆಂದು ಎಲ್ಲಿಂದಲೋ ಇಳಿಸಿಕೊಳ್ಳುವ ಚಾಳಿಯನ್ನು ಬಿಡಿಸಿ. ಅದು ಹಕ್ಕುಸ್ವಾಮ್ಯದ ಕಳವು, ವೈರಸ್ ಹೊಕ್ಕಲೂ ಅದೇ ಹಾದಿ.

ಮತ್ತೆ ಬಿಕರ್ನಕಟ್ಟೆಯ ಮನೆಗೆ ಬರೋಣ. ಅಟ್ಟದ ಯಂತ್ರ ಹೊಸ ಟಿ.ವಿ.ಯಲ್ಲಿ ಒಂದು ಗಳಿಗೆ ಮಿನುಗಿ ನಿಂತುಹೋಗಿದೆ. ಮಗ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ತಂದಿದ್ದಾನೆ. ಕಲೆಕ್ಷನ್ ಕನ್ಸೋಲಿಗೆ ಇಳಿದಿದೆ. ಹೊರಗೆ ಮೊದಲ ಮಳೆ. ಮೊದಲ ಆಟದಲ್ಲಿ ಜಲಪಾತ ಹತ್ತುವಷ್ಟರಲ್ಲಿ ಇಬ್ಬರ ಮೂರು ಮೂರು ಜೀವವೂ ಮುಗಿಯುತ್ತದೆ. ಎಲ್ಲಿ ಬೇಕಾದರೂ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸುವ ಹೊಸ ಸೌಲಭ್ಯವನ್ನು ಮಗ ತೋರಿಸಲು ಹೊರಡುತ್ತಾನೆ. ಅಪ್ಪ ಬೇಡವೆನ್ನುತ್ತಾನೆ. ಆಟ ಮತ್ತೆ ಮೊದಲಿಂದ ಶುರುವಾಗುತ್ತದೆ. ಅಪ್ಪನ ಹೆಬ್ಬೆರಳು ತಾನಾಗಿಯೇ ಮೇಲೆ ಮೇಲೆ, ಕೆಳಗೆ ಕೆಳಗೆ ಎಂದು ಓಡುತ್ತದೆ. ಮೂವತ್ತು ಜೀವ.

"ಇದು ಮೋಸ ಅಲ್ವಾ ಅಪ್ಪಾ?"

"ನಿನ್ನ ಅಜ್ಜನೂ ಹಾಗೇ ಹೇಳ್ತಿದ್ರು. ಆಡು."

ಅಟ್ಟದ ಪೆಟ್ಟಿಗೆಯನ್ನು ಗುಜರಿಗೆ ಹಾಕೋಣವೆಂದು ಅಮ್ಮ ಎತ್ತಿಟ್ಟಿದ್ದಳು. ಸಂಜೆ ಮಗ ಅದನ್ನು ಒರೆಸಿ, ಒಳಗೆ ಏನೇನಿದೆ ಎಂದು ಒಂದು ಚೀಟಿ ಬರೆದು ಅಂಟಿಸಿ, ಮಳೆನೀರು ತಾಗದ ಮೂಲೆಯಲ್ಲಿ ಇಟ್ಟ.